ಒಂದು ಎಳೆತಕ್ಕೆ ಒಂದೇ ಕೆಲಸ

2025ರ ನವೆಂಬರ್ 3, ಸೋಮವಾರ, ಮಧ್ಯಾಹ್ನ 2 ಗಂಟೆ 10 ನಿಮಿಷ. ಖರೀದಿ ಪತ್ರದಲ್ಲಿ ಮೂರು ಸಹಿಗೆ ಜಾಗವಿತ್ತು. ಎರಡು ತುಂಬಿದ್ದವು. ಮೂರನೆಯ ಗೆರೆಯ ಕೆಳಗೆ ‘ಮೈಮೂನತ್, ಮದ್ದುಗುಂಡು ತಂತ್ರಜ್ಞೆ’ ಎಂದು ಟೈಪಾಗಿತ್ತು. ನಾನು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟೆ.

“ಎಂತ ಮೇಡಂ, ಶಾಯಿ ಮುಗಿಯಿತಾ?” ಎಂದ ತುಷಾರ್. ನಮ್ಮ ಶೂಟಿಂಗ್ ಕ್ಲಬ್ಬಿನ ಖರೀದಿ ವಿಭಾಗ ಅವನದು. ಉಡುಪಿಯವನು, ಮಾತಿನಲ್ಲಿ ಯಾರಿಗೂ ಸೋತವನಲ್ಲ.

“ಶಾಯಿ ಉಂಟು. ಈ ಯಂತ್ರಕ್ಕೆ ನಾನು ಸಹಿ ಹಾಕುವುದಿಲ್ಲ.”

ಸೌದಿಯ ದಮ್ಮಾಮಿನ ಹೊರಗೆ, ಮರಳು ದಿಬ್ಬಕ್ಕೆ ಬೆನ್ನು ಕೊಟ್ಟು ಕಟ್ಟಿದ ಕ್ಲಬ್ ನಮ್ಮದು. ಹಾರಿಸಿದ ಕೋವಿಯ ಖಾಲಿ ತೋಟೆಗಳಿಗೆ ಕಿಡಿ ಕೊಡುವ ಹೊಸ ಕೇಪು, ಮದ್ದು, ಗುಂಡು ಹಾಕಿ ಮತ್ತೆ ಬಳಸಲು ಕ್ಲಬ್ಬಿಗೆ ಆಗಷ್ಟೇ ಪರವಾನಗಿ ಸಿಕ್ಕಿತ್ತು. ಆ ಕೆಲಸಕ್ಕೊಂದು ಪ್ರೆಸ್, ಅಂದರೆ ಹಿಡಿ ಎಳೆದು ಒತ್ತುವ ಯಂತ್ರ, ಬೇಕಿತ್ತು. ತುಷಾರ್ ಆರಿಸಿದ್ದು ಐದು ಮನೆಗಳ ದುಂಡು ತಟ್ಟೆಯ ಪ್ರೆಸ್. ಹಿಡಿ ಒಮ್ಮೆ ಎಳೆದರೆ ಐದು ತೋಟೆಗಳಿಗೆ ಐದು ಬೇರೆ ಬೇರೆ ಕೆಲಸ ಆಗುತ್ತದೆ. ಆಮೇಲೆ ತಟ್ಟೆಯನ್ನು ಕೈಯಿಂದ ಒಂದು ಮನೆ ತಿರುಗಿಸಬೇಕು. ಗಂಟೆಗೆ ನಾನೂರು ತೋಟೆ. ನಾನು ಆರಿಸಿದ್ದು ಎರಕದ ಕಬ್ಬಿಣದ, ಒಂದೇ ಮನೆಯ ಪ್ರೆಸ್. ಒಂದು ಎಳೆತಕ್ಕೆ ಒಂದೇ ಕೆಲಸ. ಗಂಟೆಗೆ ಐವತ್ತಾದರೆ ಹೆಚ್ಚು.

“ಜನವರಿಯಲ್ಲಿ ಪಂದ್ಯ ಉಂಟು,” ಎಂದ ತುಷಾರ್. “ಹುಡುಗಿಯರ ತಂಡ ಒಂದು ವಾರಕ್ಕೆ ಎಷ್ಟು ಹಾರಿಸ್ತದೆ ಅಂತ ನಿಮಗೇ ಗೊತ್ತುಂಟು. ನೀವು ಐವತ್ತು ತೋಟೆ ಸಾಲಾಗಿಟ್ಟು ಎಲ್ಲಕ್ಕೂ ಕೇಪು, ಆಮೇಲೆ ಎಲ್ಲಕ್ಕೂ ಮದ್ದು, ಆಮೇಲೆ ಎಲ್ಲಕ್ಕೂ ಗುಂಡು… ಇದೆಂತ ಬೀಡಿ ಕಟ್ಟುವ ಲೆಕ್ಕವಾ ಮಾರಾಯ್ತಿ?”

‘ಮೇಡಂ’ನಿಂದ ‘ಮಾರಾಯ್ತಿ’ಗೆ ಇಳಿದಿದ್ದ. ಅಂದರೆ ಸಿಟ್ಟು ಬಂದಿದೆ.

“ಅದೇ ಲೆಕ್ಕ. ಬೀಡಿ ಕಟ್ಟುತ್ತಿದ್ದ ನನ್ನ ಉಮ್ಮ ಮೊದಲು ಎಲೆ ಎಲ್ಲ ಕತ್ತರಿಸಿ ಮುಗಿಸ್ತಿದ್ದರು. ಆಮೇಲೆ ಸುರುಟುವುದು. ಬಾಯಿ ಮಡಚುವುದು ಕೊನೆಗೆ. ನಡುವೆ ಯಾರೋ ಕರೆದರು ಅಂತ ಎದ್ದು ಹೋದರೂ ಯಾವ ಬೀಡಿ ಎಲ್ಲಿಗೆ ನಿಂತಿದೆ ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ.”

“ಇಲ್ಲಿ ಯಾರು ಎದ್ದು ಹೋಗ್ತಾರೆ?”

“ಎಲ್ಲರೂ. ದಿನಕ್ಕೆ ಮೂರು ಸಲ, ಕೆಲಸದ ಹೊತ್ತಿನಲ್ಲೇ. ಮಸೀದಿಯಲ್ಲಿ ಬಾಂಗ್ ಆದ ಕೂಡಲೇ ಕೈಯಲ್ಲಿದ್ದದ್ದು ಅಲ್ಲಿಯೇ.”

ಕೋವಿಕೋಣೆಯ ಗಫೂರಾಕ ತಲೆ ಎತ್ತಿದರು. ಅಬ್ದುಲ್ ಗಫೂರ್ ಎಂಬ ಹೆಸರಿನ ಅವರು ಉಳ್ಳಾಲದವರು. ಪ್ರೆಸ್ಸಿನ ಹಿಡಿ ಎಳೆಯಬೇಕಾದವರು ಅವರೇ. ಎರಡನೆಯ ಸಹಿಯೂ ಅವರದೇ. “ಮೋಳೆ, ನಮಾಜಿನ ಮೇಲೆ ತಪ್ಪು ಹೊರಿಸಬೇಡ,” ಎಂದರು ಮೆಲ್ಲಗೆ, ಮಗಳಿಗೆ ಹೇಳುವ ಹಾಗೆ.

“ನಮಾಜಿನ ಮೇಲೆ ಅಲ್ಲ ಗಫೂರಾಕ, ಯಂತ್ರದ ಮೇಲೆ. ನಾನೂ ನಮಾಜಿಗೆ ಹೋಗುವವಳೇ. ಎದ್ದು ಹೋದರೆ ಲೆಕ್ಕ ತಪ್ಪುವ ಯಂತ್ರ ಈ ಊರಿಗೆ ಹೇಳಿದ್ದಲ್ಲ.”

ಐದು ಮನೆಯ ತಟ್ಟೆಯಲ್ಲಿ ಎರಡನೆಯ ಮನೆಯಲ್ಲಿ ಮದ್ದು ಬೀಳುತ್ತದೆ. ಹಿಡಿ ಮೇಲಿದ್ದಾಗ ಎದ್ದು ಹೋದವನು ಮರಳಿ ಬಂದಾಗ, ಎಳೆದದ್ದಾಗಿದೆಯೇ, ತಟ್ಟೆ ಮಾತ್ರ ತಿರುಗಿಸಿದ್ದೇ ಎಂದು ನೆನಪಿನಿಂದಲೇ ಹೇಳಬೇಕು. ಮತ್ತೆ ಎಳೆದು ಎರಡು ಸಲ ಬಿದ್ದರೆ ಮದ್ದು ಉಕ್ಕಿ ಹೊರಬರುತ್ತದೆ, ಕಣ್ಣಿಗೆ ಬೀಳುತ್ತದೆ. ಎಳೆಯದೆ ಮತ್ತೆ ತಿರುಗಿಸಿ ಮದ್ದು ಬೀಳದೇ ಹೋದದ್ದು ಕಾಣುವುದಿಲ್ಲ. ಮುಂದೆ ಅದರ ಮೇಲೆ ಗುಂಡು ಕೂತುಬಿಡುತ್ತದೆ. ಅಂಥ ತೋಟೆ ಹಾರಿಸಿದರೆ ಕೇಪಿನ ಬಲಕ್ಕೆ ಗುಂಡು ನಳಿಗೆಯೊಳಗೆ ಸ್ವಲ್ಪ ದೂರ ಹೋಗಿ ಸಿಕ್ಕಿಕೊಳ್ಳುತ್ತದೆ. ಗೊತ್ತಾಗದೆ ಇನ್ನೊಂದು ಹಾರಿಸಿದರೆ ನಳಿಗೆ ಸೀಳುತ್ತದೆ. ಗುರಿಯಿಡುವ ಹುಡುಗಿಯ ಕೆನ್ನೆ ಅದರ ಪಕ್ಕದಲ್ಲೇ ಇರುತ್ತದೆ.

ಇದನ್ನೆಲ್ಲ ಮ್ಯಾನೇಜರಿಗೆ, ಅಂದರೆ ಮುದೀರ್‌ಗೆ, ಇಂಗ್ಲಿಷಿನಲ್ಲಿ ಹೇಳಿದೆ. ಸೇನೆಯಿಂದ ನಿವೃತ್ತರಾದ ಸೌದಿಯವರು. ಮೊದಲ ಸಹಿ ಅವರದು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಗುತ್ತಲೇ, “ಯಾ ಮುಹಂದಿಸಾ,” ಎಂದರು. ಇಂಜಿನಿಯರಮ್ಮ ಎಂದು ಅರ್ಥ. ನಾನು ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವಳು ಎಂದು ಎಷ್ಟು ಹೇಳಿದರೂ ಅವರು ಹಾಗೆಯೇ ಕರೆಯುತ್ತಾರೆ. “ಮಾರುವವರು ಒಂದು ಯಂತ್ರ ಪರೀಕ್ಷೆಗೆ ಕೊಟ್ಟಿದ್ದಾರೆ. ಸಂಜೆ ನೋಡೋಣ. ಇವತ್ತು ಸಹಿ ಆಗಬೇಕು. ಆಗದಿದ್ದರೆ ಸಹಿ ಹಾಕುವ ತಂತ್ರಜ್ಞರನ್ನು ಹುಡುಕಿಕೊಳ್ಳುತ್ತೇನೆ.”

ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅದನ್ನು ನವೀಕರಿಸಬೇಕಾದ ಕಫೀಲ್, ನನ್ನ ಪ್ರಾಯೋಜಕ, ಇದೇ ಕ್ಲಬ್. ಥುಕ್ಬಾ ಬಡಾವಣೆಯ ಮನೆಯಲ್ಲಿ ನಾನು ಮತ್ತು ಮಗಳು ಇಬ್ಬರೇ. ಅವಳು ಎಂಟನೆಯ ತರಗತಿ, ಶಾಲೆಯ ವರ್ಷ ಅರ್ಧದಲ್ಲಿತ್ತು. ನನ್ನ ಇಕಾಮಾ ಹೋದರೆ ಅವಳದೂ ಹೋಗುತ್ತದೆ. ಇದು ಮುದೀರ್‌ಗೂ ಗೊತ್ತಿತ್ತು, ತುಷಾರನಿಗೂ ಗೊತ್ತಿತ್ತು. ಹೊರಗೆ ಬಂದ ಮೇಲೆ ಅವನು ದನಿ ತಗ್ಗಿಸಿ, “ಮಗಳ ಮುಖ ನೋಡಿಯಾದರೂ ಒಂದು ಸಹಿ ಎಳೆದುಬಿಡಿ ಮಾರಾಯ್ತಿ. ಗಫೂರಾಕ ಜಾಗ್ರತೆಯ ಮನುಷ್ಯ, ಎಂತ ಆಗುವುದಿಲ್ಲ,” ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

“ಮಗಳ ಮುಖ ನೋಡಿಯೇ ಹಾಕುವುದಿಲ್ಲ ಎನ್ನುವುದು. ಆ ತಂಡದಲ್ಲಿರುವವರೂ ಯಾರದ್ದೋ ಮಕ್ಕಳು.”

ನಾಲ್ಕೂಕಾಲಿಗೆ ಎಲ್ಲರೂ ಸೇರಿದೆವು. ಪರೀಕ್ಷೆಗೆ ಮದ್ದು ಬೇಡವೆಂದು ನಾನೇ ಹೇಳಿದ್ದೆ. ಸುಟ್ಟ ಕೇಪು ತೆಗೆಯದ ಹಳೆಯ ತೋಟೆಗಳು. ಮದ್ದಿನ ಜಾಗದಲ್ಲಿ ಕ್ಯಾಂಟೀನಿನ ರವೆ. “ಉಪ್ಪಿಟ್ಟಿನ ತೋಟೆ,” ಎಂದ ತುಷಾರ್, “ಸಾಸಿವೆ ಒಗ್ಗರಣೆ ಯಾವ ಮನೆಯಲ್ಲಿ?” ಗಫೂರಾಕ ನಗಲಿಲ್ಲ. ತುಟಿ ಬಿಗಿಹಿಡಿದು, ಪ್ರತಿ ಎಳೆತಕ್ಕೂ ತಲೆಯಾಡಿಸುತ್ತ ಐವತ್ತು ತೋಟೆ ಕಟ್ಟಿದರು. ಅದರಲ್ಲಿ ಹತ್ತನ್ನು ಆರಿಸಿ, ಗುಂಡು ಕೀಳುವ ಸುತ್ತಿಗೆಯಿಂದ ಬಿಚ್ಚಿ ರವೆ ತೂಗಿದೆ. ಎಲ್ಲವೂ 2.4 ಗ್ರಾಮಿನ ಆಸುಪಾಸು. ಒಂದೂ ತಪ್ಪಿರಲಿಲ್ಲ.

ಮುದೀರ್‌ಗೆ ಖುಷಿಯಾಯಿತು. ಅಂಗಿಯ ತೋಳು ಮಡಚಿಕೊಂಡು ತಾವೇ ಹಿಡಿ ಹಿಡಿದರು. ಮಕ್ಕಳಿಗೆ ಹೊಸ ಸೈಕಲ್ ಸಿಕ್ಕಿದ ಹಾಗೆ ಎಳೆದರು, ತಿರುಗಿಸಿದರು, ಗಫೂರಾಕರೊಡನೆ ಮಾತಾಡಿದರು, ಮತ್ತೆ ಎಳೆದರು. ಐದಕ್ಕೆ ಮೂರು ನಿಮಿಷವಿರುವಾಗ ಸಂಜೆಯ ಮಗ್ರಿಬ್ ನಮಾಜಿನ ಬಾಂಗ್ ಕೇಳಿತು. ಮುದೀರ್ ಕೈ ತೆಗೆದರು. ಹಿಡಿ ಮೇಲೆಯೇ ನಿಂತಿತ್ತು. ಮುದೀರ್ ಮತ್ತು ಗಫೂರಾಕ ಮಸೀದಿಗೆ ನಡೆದರು, ನಾನು ಹೆಂಗಸರ ಕೋಣೆಗೆ ಹೋದೆ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ತುಷಾರ್, ನಾವು ಮರಳಿ ಬಂದಾಗ ಮೊಬೈಲಿನಿಂದ ತಲೆ ಎತ್ತಿ, “ಯಾರೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ,” ಎಂದ.

ಮುದೀರ್ ಪ್ರೆಸ್ಸಿನ ಮುಂದೆ ನಿಂತು ಒಂದು ಕ್ಷಣ ತಟ್ಟೆ ನೋಡಿದರು. ಅದನ್ನು ಒಂದು ಮನೆ ತಿರುಗಿಸಿದರು. ಎಳೆದರು. ಇನ್ನಷ್ಟು ತೋಟೆ ಕಟ್ಟಿ ಕೈ ಒರೆಸಿಕೊಂಡು ಪತ್ರವನ್ನು ನನ್ನತ್ತ ತಳ್ಳಿದರು.

“ಯಂತ್ರ ಚೆನ್ನಾಗಿದೆ. ಸಹಿ ಹಾಕು.”

“ಇಲ್ಲ.”

“ನೀನೇ ಹತ್ತು ಬಿಚ್ಚಿದೆ. ಹತ್ತೂ ಸರಿ ಇದ್ದವು.”

“ಗಫೂರಾಕ ಪರೀಕ್ಷೆ ಎಂದು ಗೊತ್ತಿದ್ದು ಕಟ್ಟಿದರು. ಪರೀಕ್ಷೆಯ ದಿನ ಯಾರೂ ತಪ್ಪು ಮಾಡುವುದಿಲ್ಲ. ಈಗ ನಿಮ್ಮದನ್ನು ಬಿಚ್ಚಬೇಕು. ಎಲ್ಲವನ್ನೂ.”

ಗಫೂರಾಕ ನೆಲ ನೋಡಿದರು. ಮುದೀರ್‌ರ ನಗು ಹೋಯಿತು. “ಬಿಚ್ಚು. ನನ್ನದೂ ಸರಿ ಇದ್ದರೆ ಸಹಿ ಹಾಕುತ್ತೀಯಾ?”

ಹೌದು ಎನ್ನುವುದು ಸುಲಭವಿತ್ತು. “ಸರಿ ಇದ್ದರೂ ಹಾಕುವುದಿಲ್ಲ,” ಎಂದೆ. “ಇವತ್ತು ಸರಿ ಇದ್ದದ್ದು ನಾಳೆಯ ಬಾಂಗಿಗೆ ಸರಿ ಇರುತ್ತದೆ ಎಂದು ಬರೆದುಕೊಡಲು ನನ್ನಿಂದಾಗದು. ನನ್ನ ಯಂತ್ರದಲ್ಲಿ ಮದ್ದು ಹಾಕಿದ ಐವತ್ತು ತೋಟೆಗಳೂ ಬಾಯಿ ತೆರೆದು ಹಲಗೆಯ ಮೇಲೆ ನಿಂತಿರುತ್ತವೆ. ನೀವು ನಮಾಜು ಮುಗಿಸಿ, ಚಹಾ ಕುಡಿದು ಬನ್ನಿ. ಟಾರ್ಚ್ ಹಿಡಿದರೆ ಖಾಲಿಯದು ತಾನಾಗಿ ಕಾಣುತ್ತದೆ. ಅದನ್ನು ತರಿಸಿ, ಈಗಲೇ ಸಹಿ ಹಾಕುತ್ತೇನೆ. ಇದನ್ನು ತರಿಸುವುದಾದರೆ ಬೇರೆಯವರನ್ನು ಹುಡುಕಿಕೊಳ್ಳಿ.”

“ಅಲ್ಲಾ ಮಾರಾಯ್ತಿ,” ಎಂದು ತುಷಾರ್ ಕನ್ನಡದಲ್ಲಿ ಗೊಣಗಿದ, “ಅಷ್ಟು ಉದ್ದ ಯಾಕೆ ಹೇಳಿದ್ದು.”

ನಾನು ಬಿಚ್ಚತೊಡಗಿದೆ. ಸುತ್ತಿಗೆ ಬಡಿದಾಗಲೆಲ್ಲ ಬಿಳಿ ಕಾಗದದ ಮೇಲೆ ಗುಂಡಿನ ಜೊತೆ ರವೆ ಸುರಿಯುತ್ತಿತ್ತು. ಸುರಿದದ್ದೆಲ್ಲ ತೂಕಕ್ಕೆ ಸರಿ. ಮುದೀರ್ ಗಡಿಯಾರ ನೋಡಿಕೊಂಡರು. ಎಂಟನೆಯದನ್ನು ಬಡಿದಾಗ ಗುಂಡು ಮಾತ್ರ ಬಿತ್ತು.

ಮುದೀರ್ ನನ್ನ ಕೈಯಿಂದ ತೋಟೆ ತೆಗೆದುಕೊಂಡರು. ಬೋರಲು ಹಿಡಿದು ಅಂಗೈಗೆ ತಟ್ಟಿದರು. ದೀಪದತ್ತ ಹಿಡಿದು ಒಳಗೆ ನೋಡಿದರು. ಮತ್ತೆ ತಟ್ಟಿದರು. ಗಫೂರಾಕ “ಯಾ ಅಲ್ಲಾಹ್” ಎಂದು ಪಿಸುಗುಟ್ಟಿದರು. ತುಷಾರ್ ಎದ್ದು ನಿಂತಿದ್ದ.

ಮುದೀರ್ ಖರೀದಿ ಪತ್ರ ಎಳೆದುಕೊಂಡು, ಯಂತ್ರದ ಹೆಸರಿನ ಮೇಲೆ ಅಡ್ಡಗೆರೆ ಹೊಡೆದು, ನಾನು ಹೇಳಿದ ಕಬ್ಬಿಣದ ಪ್ರೆಸ್ಸಿನ ಹೆಸರನ್ನು ಅದರ ಪಕ್ಕ ಬರೆದರು. ಪೆನ್ನನ್ನೂ ನನ್ನ ಮುಂದಿಟ್ಟರು. “ಯಲ್ಲಾ, ಆಗಲಿ, ಈಗ ಹಾಕು.”

“ತೂಕ ದಾಖಲಾಗದೆ ಹಾಕುವುದಿಲ್ಲ,” ಎಂದೆ.

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ಬದಿಗೆ ಸರಿದು ತಕ್ಕಡಿಗೆ ದಾರಿ ಬಿಟ್ಟರು. ಖಾಲಿ ಬಟ್ಟಲಿಟ್ಟು ಸೊನ್ನೆಗೆ ತಂದೆ. ತೋಟೆಯನ್ನು ಅದರೊಳಗೆ ಮೂರು ಸಲ ತಟ್ಟಿ ತೆಗೆದೆ. ಅಂಕಿ ನಿಲ್ಲುವವರೆಗೆ ಕಾದೆವು. ಓದಿ ಹೇಳಿದವನು ತುಷಾರ್: 0.000 ಗ್ರಾಂ.