ಕುರಿಬಾಲದ ಕೊಬ್ಬು ಹಚ್ಚಿದ ಚೈನು

ಯೊಂದೊನ್‌ನ ಮೋಟಾರ್ ಸೈಕಲ್ಲಿನ ಚೈನು ಕಿರುಚಿದರೆ ಮೂರು ಗುಡ್ಡದಾಚೆಗೂ ಕೇಳಿಸುತ್ತಿತ್ತು. ಅದರಿಂದ ಅವನಿಗೆ ಉಪಕಾರವೇ ಆಗಿತ್ತೆನ್ನಿ. ಮೇಯಲು ಬಿಟ್ಟ ಕುರಿಗಳು ಆ ಸದ್ದಿಗೆ ಹೆದರಿ ತಾವಾಗಿಯೇ ಗುಂಪು ಸೇರುತ್ತಿದ್ದವು. ಆದರೆ ಗೊಂಚಿಗ್ ಮುದುಕನ ಹೆಣ್ಣುಕುದುರೆಗಳು ಕುರಿಗಳಲ್ಲವಲ್ಲ! ಹೋದ ವಾರ ಮುದುಕ ಮಂಡಿಯೂರಿ ಕುದುರೆ ಹಾಲು ಕರೆಯುತ್ತಿದ್ದಾಗ ಇವನು ಕಿರ್ರ್ರೆಂದು ಹೋಗಿ ನಿಂತ. ಕೆಂದು ಕುದುರೆ ಝಾಡಿಸಿ ಒದೆಯಿತು, ಬಕೆಟ್ಟು ಹಾರಿತು, ಹಾಲೆಲ್ಲ ಮುದುಕನ ಟೋಪಿಗೆ.

“ನೋಡಪ್ಪಾ,” ಎಂದ ಮುದುಕ, ಗಡ್ಡದಿಂದ ಹಾಲು ಹಿಂಡಿಕೊಳ್ಳುತ್ತ. “ನನ್ನ ಮಗಳನ್ನ ಕೇಳೋಕೆ ಬರ್ತೀಯಾ, ಬಾ, ಬೇಡ ಅನ್ನಲ್ಲ. ಮುಂದಿನ ವಾರ ಮಧ್ಯಾಹ್ನ, ಇದೇ ಹಾಲು ಕರೆಯೋ ಹೊತ್ತಿಗೇ ಬಾ. ಆದ್ರೆ ನಿನ್ನ ಗಾಡಿಗೆ ಬೆದರಿ ನನ್ನ ಕುದುರೆ ಒಂದೇ ಒಂದು ಕಾಲು ಎತ್ತಲಿ, ಹೆಣ್ಣು ಕೇಳೋಕೆ ಅಂತ ತಂದ ನೀಲಿ ವಸ್ತ್ರ ಹಂಗೇ ಮಡಚ್ಕೊಂಡು ಬಂದ ದಾರಿ ಹಿಡಿ.”

ಮಗಳು ನನ್ಸಲ್ಮಾ ಗುಡಾರದ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗಿನಂತೆ ತೋಳು ಒತ್ತಿಕೊಂಡು ನಗುತ್ತಿದ್ದಳು. ಯೊಂದೊನ್‌ಗೆ ವಯಸ್ಸು ಮೂವತ್ತನಾಲ್ಕು. ಆ ನಗುವಿಗಾಗಿ ಅವನು ಎರಡು ವರ್ಷದಿಂದ, ಇಲ್ಲದ ಕುರಿ ಕಳೆದುಹೋಯಿತೆಂದು ಹುಡುಕಿಕೊಂಡು ಆ ಕಡೆಗೆ ಹೋಗುತ್ತಿದ್ದ.

ಹೇಳಿದ ದಿನ ಬಂತು. ಬೆಳಿಗ್ಗೆಯೇ ಅವನು ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಟ್ಯಾಂಕಿನಿಂದ ಒಂದು ಬಟ್ಟಲು ಪೆಟ್ರೋಲ್ ಇಳಿಸಿ, ಅಮ್ಮನ ಹಲ್ಲುಜ್ಜುವ ಬ್ರಷ್ ಹಿಡಿದು ಕೂತ.

“ಅಯ್ಯೋ ಮುಂಡೇದೇ, ಅದು ನನ್ನ ಬ್ರಷ್ಷು!” ಎಂದು ಅಮ್ಮ ದುಲಮ್ ಸಗಣಿ ಬುಟ್ಟಿ ಕೆಳಗಿಟ್ಟು ಕೂಗಿದಳು.

“ಇರೋದು ನಾಲ್ಕು ಹಲ್ಲು, ಅದಕ್ಕೆ ಬ್ರಷ್ ಬೇರೆ ಯಾಕಮ್ಮ? ಈ ಚೈನಿಗೆ ನೂರು ಹಲ್ಲಿದೆ.”

ಹಿಂಚಕ್ರವನ್ನು ಒಂದೊಂದೇ ಗೇಣು ಹಿಂದಕ್ಕೆ ತಿರುಗಿಸುತ್ತ ಒಂದೊಂದು ಕೊಂಡಿಯನ್ನೂ ಉಜ್ಜಿದ. ಗೋಬಿ ಮರುಭೂಮಿಯ ಮರಳು, ಕುರಿಯ ಉಣ್ಣೆ, ಯಾವಾಗಲೋ ಸತ್ತ ಮಿಡತೆಯ ಒಂದು ಕಾಲು, ಎಲ್ಲ ಬಂತು. ಹಳೇ ಬಟ್ಟೆಯಲ್ಲಿ ಒರೆಸಿದಾಗ ಚೈನು ಹೊಸ ಬೆಳ್ಳಿ ಪದಕದ ಹಾಗೆ ಹೊಳೆಯಿತು. ಇನ್ನೇನು, ಎಣ್ಣೆ ಬಿಟ್ಟರಾಯಿತು. ಎಣ್ಣೆ ಸೀಸೆ ಬಗ್ಗಿಸಿದ. ಒಂದು ತೊಟ್ಟೂ ಇಲ್ಲ.

“ಅಮ್ಮಾ! ಎಣ್ಣೆ?”

“ಬಾಗಿಲು ಕಿರ್ ಅಂತಿತ್ತು, ಕೀಲಿಗೆ ಹಾಕಿದೆ. ಹೊಲಿಗೆ ಮಿಷನ್ನಿಗೂ ಹಾಕಿದೆ. ನೀನು ಗುಡಾರಕ್ಕೆ ಎಣ್ಣೆ ತಂದಿದ್ದೀಯ ಅಂದ್ಕೊಂಡೆ ಕಣೋ.”

ಯೊಂದೊನ್ ತಲೆ ಮೇಲೆ ಕೈಹೊತ್ತು ಕೂತ. ಅಂಗಡಿಯೋ ಅರವತ್ತು ಕಿಲೋಮೀಟರ್ ಆಚೆ. ಎಂಜಿನ್ನಿನಿಂದ ಒಂದು ಚಮಚ ತೆಗೆಯೋಣವೆಂದರೆ ಅದರಲ್ಲೇ ತಳ ಕಾಣುತ್ತಿತ್ತು. ಒಣಗಿದ ಚೈನಿನಲ್ಲಿ ಹೋದರೆ ಮೊದಲಿಗಿಂತ ಜೋರಾಗಿ ಕಿರುಚುವುದು ಖಂಡಿತ.

“ಅಳಬೇಡ,” ಎಂದಳು ಅಮ್ಮ. “ನಿಮ್ಮಪ್ಪ ನಲವತ್ತು ವರ್ಷ ಬಂಡಿಯ ಅಚ್ಚಿಗೆ ಏನು ಹಚ್ತಿದ್ದ? ಕುರಿಬಾಲದ ಕೊಬ್ಬು. ಆ ಬಂಡಿ ಕಳ್ಳನ ಹಾಗೆ ಸದ್ದಿಲ್ಲದೆ ಹೋಗ್ತಿತ್ತು.”

“ಬಾಲ ಅತಿಥಿಗೆ ಇಡೋದಲ್ವಾ?”

“ಸೊಸೆ ಬಂದ ಮೇಲೆ ತಾನೇ ಅತಿಥಿಗಳು? ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. ತಗೋ, ಕರಗಿಸಿ ಹಚ್ಚು, ಹಾಳಾಗಿ ಹೋಗು!”

ಬಿಸಿ ಕೊಬ್ಬನ್ನು ಚಮಚದಿಂದ ಕೊಂಡಿ ಕೊಂಡಿಗೂ ಕುಡಿಸಿದ. ಚಕ್ರ ತಿರುಗಿಸಿ ನೋಡಿದರೆ, ಆಹಾ, ಹೂಂ ಇಲ್ಲ ಹಾಂ ಇಲ್ಲ! ಹೊಸ ನಿಲುವಂಗಿಯ ನಡುವಿಗೆ ಹಳದಿ ರೇಷ್ಮೆ ಪಟ್ಟಿ ಬಿಗಿದು, ನೀಲಿ ವಸ್ತ್ರವನ್ನು ಎದೆಯ ಮಡಿಕೆಯಲ್ಲಿಟ್ಟುಕೊಂಡು ಅವನು ಹೊರಟಾಗ ಸ್ವಂತ ಕುರಿಗಳೇ ಗುರುತು ಹಿಡಿಯಲಿಲ್ಲ.

ಗುರುತು ಹಿಡಿದದ್ದು ನಾಯಿ. ಅವರ ಮನೆಯ ಅಸರ್ ಎದ್ದು, ಮೂಗು ಮೇಲೆತ್ತಿ, ಹಿಂದೆಯೇ ಹೊರಟಿತು. ‘ಪಾಪ, ಬೀಳ್ಕೊಡೋಕೆ ಬರ್ತಿದೆ’ ಎಂದುಕೊಂಡ ಯೊಂದೊನ್‌ಗೆ ಕಣ್ಣು ತುಂಬಿ ಬಂತು. ಮೊದಲ ಗುಡ್ಡದ ಬಳಿ ಇದ್ದ ಗುಡಾರದಿಂದ ಇನ್ನೆರಡು ಬಂದವು. ಎರಡನೆಯದರಿಂದ ನಾಲ್ಕು, ಮೂರನೆಯದರಿಂದ ಮತ್ತೆ ನಾಲ್ಕು. ಮಾಮೂಲಿಯಾಗಿ ಗಾಡಿ ಕಂಡರೆ ಗಂಟಲು ಹರಿಯುವಂತೆ ಬೊಗಳುವ ನಾಯಿಗಳು ಈಗ ಒಂದೂ ಬೊಗಳಲಿಲ್ಲ. ನಾಲಿಗೆ ಚಾಚಿ, ಭಕ್ತಿಯಿಂದ ಓಡಿದವು.

“ಲೋ ಯೊಂದೊನ್! ನಮ್ಮ ನಾಯಿಗಳನ್ನ ಎಲ್ಲಿಗೋ ಕರ್ಕೊಂಡು ಹೋಗ್ತಿದ್ದೀಯ?” ಎಂದು ಯಾರೋ ಕೂಗಿದರು.

“ನಾನೆಲ್ಲಿ ಕರೆದೆ? ಅವೇ ಬರ್ತಿವೆ!”

ಅವನು ವೇಗ ಹೆಚ್ಚಿಸಿದ. ವೇಗ ಹೆಚ್ಚಿದಷ್ಟೂ ಚೈನು ಬಿಸಿಯಾಗಿ, ಕೊಬ್ಬು ಘಮಘಮಿಸಿ, ಅವನ ಹೊಸ ನಿಲುವಂಗಿಯ ಬೆನ್ನಿಗೆಲ್ಲ ಸಿಡಿಯಿತು. ಆಗ ಅವನಿಗೂ ವಾಸನೆ ಬಡಿಯಿತು, ಬುದ್ಧಿಯೂ ಬಂತು. ಆದರೆ ಗೊಂಚಿಗ್ ಮುದುಕನ ಗುಡಾರ ಎದುರಿಗೇ ಇತ್ತು. ಹಿಂದೆ ಎಣಿಸಿದರೆ ಹನ್ನೊಂದು ನಾಯಿ.

ಆ ಸೀಮೆಯಲ್ಲಿ ಯಾರ ಗುಡಾರಕ್ಕೆ ಹೋದರೂ ಮೊದಲು ದೂರದಿಂದಲೇ ಕೂಗಬೇಕಾದ ಮಾತೊಂದಿದೆ, ಅದನ್ನು ಬಿಡುವಂತಿಲ್ಲ, ಹುಡುಗಿ ಕೇಳಲು ಬಂದವನಂತೂ ಬಿಡುವ ಹಾಗೇ ಇಲ್ಲ. ಅವನು ಎಂಜಿನ್ ಆರಿಸಿ ಗಂಟಲು ಸರಿಮಾಡಿಕೊಂಡು ಕೂಗಿದ:

“ನಾಯಿ ಹಿಡ್ಕೊಳ್ಳೀ!”

ಕೆಂದು ಕುದುರೆಯ ಕೆಳಗೆ ಕೂತಿದ್ದ ಮುದುಕ ತಿರುಗಿ ನೋಡಿದ. ಒಂದು, ಎರಡು ಎಂದು ಎಣಿಸುತ್ತ ಹೋಗಿ ಬಾಯಿ ತೆರೆದ. “ಹಿಡ್ಕೊಳ್ತೀನಪ್ಪಾ. ಯಾರ ನಾಯಿ ಹಿಡೀಲಿ, ನಿಂದೋ ನಂದೋ?”

ಮುದುಕನದೂ ಒಂದಿತ್ತು. ವಸಂತದಿಂದ ಎದ್ದೇ ಇರದಿದ್ದ ಆ ಮುದಿ ನಾಯಿ ಮರಿಯಂತೆ ನೆಗೆದು ಬಂತು. ಹನ್ನೆರಡೂ ಸೇರಿ ಗಾಡಿಯನ್ನು ಉರುಳಿಸಿ ಚೈನು ನೆಕ್ಕತೊಡಗಿದವು. ಜಾಗ ಸಿಗದವು ಯೊಂದೊನ್‌ನ ಬೆನ್ನು ನೆಕ್ಕಿದವು. ಅವನು ಮಾತ್ರ ಕುದುರೆಯ ಕಾಲನ್ನೇ ನೋಡುತ್ತಿದ್ದ. ಕೆಂದು ಕುದುರೆ ಕಿವಿ ಅಲ್ಲಾಡಿಸಿತು. ನಾಯಿಗಳನ್ನು ಅದು ಹುಟ್ಟಿದಾಗಿನಿಂದ ಕಂಡಿದೆ. ಬಾಯಿ ಆಡಿಸುತ್ತ ಸುಮ್ಮನೆ ನಿಂತಿತು. ಹಾಲು ಬಕೆಟ್ಟಿನಲ್ಲೇ ಉಳಿಯಿತು.

“ಕಾಲು ಎತ್ತಲಿಲ್ಲ, ಗೊಂಚಿಗ್ ಅಜ್ಜಾ!”

“ಎತ್ತಲಿಲ್ಲ, ನಿಜ.” ಮುದುಕ ನೆಲದಿಂದ ಒಂದು ಬೆರಳು ಕೊಬ್ಬು ತೆಗೆದು ಮೂಸಿದ. “ಬಾಲದ ಕೊಬ್ಬು! ಮಾವನ ತಟ್ಟೆಗೆ ಇಡಬೇಕಾದ್ದನ್ನ ಗಾಡಿಗೆ ಹಚ್ಚಿದೋನಿಗೆ ಮಗಳನ್ನ ಕೊಟ್ರೆ, ನಾಳೆ ನನಗೇನು ಪೆಟ್ರೋಲ್ ಕುಡಿಸ್ತೀಯಾ? ನಾನು ಯೋಚನೆ ಮಾಡ್ಬೇಕು. ಈಗ ಹೋಗು, ಚಳಿಗಾಲ ಕಳೆದ ಮೇಲೆ ಬಾ.”

ಚಳಿಗಾಲ ಕಳೆದ ಮೇಲೆ! ಅಷ್ಟರಲ್ಲಿ ಇವರು ಗುಡಾರ ಕಿತ್ತು ಯಾವ ಕಣಿವೆಗೆ ಹೋಗಿರುತ್ತಾರೋ, ಅಲ್ಲಿ ಎಣ್ಣೆ ಹಾಕಿದ ಚೈನಿನವನು ಯಾವನು ಇರುತ್ತಾನೋ. ಗಾಡಿ ಎತ್ತಿ, ಕಿಕ್ ಹೊಡೆದು ಹೊರಟ.

ಕಿರ್ರ್ರ್ರ್ರ್! ಹನ್ನೆರಡು ನಾಲಿಗೆ ಒರೆಸಿದ ಚೈನು, ಜಿಡ್ಡಿನ ಪಸೆಯೂ ಇಲ್ಲ. ಜನ್ಮದಲ್ಲಿ ಕಿರುಚದ ಹಾಗೆ ಕಿರುಚಿತು. ಕೆಂದು ಕುದುರೆ ಕಾಲೆತ್ತಿತು, ಮುದುಕ ಬಕೆಟ್ಟನ್ನು ಮಗುವಿನಂತೆ ಅಪ್ಪಿಕೊಂಡು ಉರುಳಿದ.

“ನಿಲ್ಲಿಸೋ! ನಿಲ್ಲಿಸೋ ಪಾಪಿ!”

“ಹಾಗಾದ್ರೆ ತಳ್ಕೊಂಡು ಹೋಗ್ತೀನಿ, ಅಜ್ಜ.” ತಳ್ಳಿದ. ಚಕ್ರ ತಿರುಗಿದರೆ ಚೈನೂ ತಿರುಗಬೇಕಲ್ಲ, ಮತ್ತೆ ಕಿರ್ರ್.

“ಮುಟ್ಟಬೇಡ ಅದನ್ನ!”

“ಹಾಗಾದ್ರೆ ಹೋಗೋದು ಹೇಗೆ?”

ನನ್ಸಲ್ಮಾ ಆಗ ಬಾಯಿ ಬಿಟ್ಟಳು. “ಅಪ್ಪಾ, ಅವನು ಹೋದ್ರೆ ಕುದುರೆ ಒದೆಯುತ್ತೆ. ಇದ್ರೆ ಒದೆಯಲ್ಲ.”

ಮುದುಕ ಕುದುರೆ ನೋಡಿದ, ಬಕೆಟ್ಟು ನೋಡಿದ, ಮಗಳ ಮುಖ ನೋಡಿದ. ಅದರಲ್ಲಿ ನಗು ಇರಲಿಲ್ಲ. “ನಿನಗೂ ಬೇಕಾ ಈ ಪ್ರಾಣಿ?” ಎಂದು ಮೆಲ್ಲಗೆ ಕೇಳಿದ. ಅವಳು ಹೂಂ ಎಂದಳು.

“ಸರಿ, ಎಣ್ಣೆ ಸಿಗೋ ತನಕ ಇರ್ಲಿ. ಆದ್ರೆ ಗೊತ್ತು ಗುರಿ ಇಲ್ಲದ ಗಂಡಸು ಮನೇಲಿ ಬಿದ್ಕೊಂಡ್ರೆ ಜನ ಏನಂತಾರೆ? ಎಲ್ಲೋ ಆ ವಸ್ತ್ರ, ತಾ ಇಲ್ಲಿ!”

ಯೊಂದೊನ್ ಎರಡು ಕೈಯಲ್ಲಿ ನೀಲಿ ವಸ್ತ್ರ ಚಾಚಿದ. ಕೊಬ್ಬಿನ ಕಲೆ ಅದಕ್ಕೂ ಹತ್ತಿತ್ತು. ಮುದುಕ ಎರಡು ಕೈಯಲ್ಲಿ ತೆಗೆದುಕೊಂಡು, ಮೂಸಿ, ನಾಯಿಗೆ ಎಟುಕದಂತೆ ಕೊರಳಿಗೆ ಸುತ್ತಿಕೊಂಡ.

ಒಳಗೆ ಚಹಾ ಕುಡಿಯಲು ಕೂತಾಗ ಯೊಂದೊನ್‌ನ ಕಣ್ಣು ನನ್ಸಲ್ಮಾಳ ಮಂಚದ ಕೆಳಗೆ ಹೋಯಿತು. ಅಲ್ಲೊಂದು ಡಬ್ಬಿ, ತುಂಬಿದ್ದು, ಮುಚ್ಚಳವೂ ತೆರೆದಿರದ ಚೈನಿನ ಎಣ್ಣೆ. ನನ್ಸಲ್ಮಾ ಬಟ್ಟಲಿಗೆ ಚಹಾ ಬಗ್ಗಿಸುತ್ತಲೇ ಬೂಟಿನ ತುದಿಯಿಂದ ಅದನ್ನು ಮೆಲ್ಲಗೆ ಇನ್ನೂ ಒಳಕ್ಕೆ ನೂಕಿದಳು.

“ಎಣ್ಣೆ ಸಿಗೋಕೆ ಎಷ್ಟು ದಿನ ಆಗಬಹುದಪ್ಪಾ?” ಎಂದು ಮುದುಕ ಕೇಳಿದ.

“ತುಂಬಾ ದಿನ ಆಗುತ್ತೆ, ಮಾವ,” ಎಂದ ಯೊಂದೊನ್.