ಯಾವುದಕ್ಕಿಂತ ಗಾಢ?

ಬಣ್ಣದ ಕಾರ್ಖಾನೆಯಲ್ಲಿ ಬಟ್ಟೆಯ ಶೇಡು ನೋಡಿ ಪಾಸು ಮಾಡುವುದು ಅತ್ತೆಯ ಕೆಲಸ. ಇಪ್ಪತ್ತೆರಡು ವರ್ಷದಿಂದ ಕಿಟಕಿ ಪಕ್ಕದ ಕುರ್ಚಿ ಅವರದೇ. ಈಗ ಬಂದ ಹೊಸ ಮ್ಯಾನೇಜರು ವರದಿ ಇಂಗ್ಲಿಷಿನಲ್ಲೇ ಬೇಕು ಎಂದು ಪಟ್ಟು ಹಿಡಿದಿದ್ದರು. ಸೋಮವಾರ ಪರೀಕ್ಷೆ. ಬರೆಯಲು ಬರದಿದ್ದರೆ ಕುರ್ಚಿ ಬಿಟ್ಟು ಪ್ಯಾಕಿಂಗಿಗೆ ಹೋಗಬೇಕು.

"ಕಣ್ಣು ನಂದು, ಇಂಗ್ಲಿಷ್ ನಿಂದು. ಕಲಿಸು," ಎಂದು ಭಾನುವಾರ ಅತ್ತೆ ಸೊಸೆಯ ಮುಂದೆ ನೋಟುಬುಕ್ಕು ಬಿಚ್ಚಿ ಕೂತರು.

ಅವರು ಅಭ್ಯಾಸಕ್ಕೆ ಬರೆದ ವರದಿ ಓದಿ ಸೊಸೆ ನಕ್ಕಳು. "ಮೋರ್ ಡಾರ್ಕರ್ ಏನತ್ತೆ? ಡಾರ್ಕರ್ ಅಂದ್ರೇನೇ ಇನ್ನೂ ಗಾಢ. ಮತ್ತೆ ಮೋರ್ ಯಾಕೆ?"

"ಓ, ಬಣ್ಣ ಹಿಡಿದ ಬಟ್ಟೆನ ಇನ್ನೊಂದ್ಸಲ ಅದ್ದಿದ ಹಾಗೆ." ಅತ್ತೆ 'ಮೋರ್' ಹೊಡೆದುಹಾಕಿದರು.

"ಇಲ್ನೋಡಿ. ಮೊದಲು ಶೀ, ಆಮೇಲೆ ಹೀ, ಕೊನೇಲಿ ದೇ. ಒಂದು ಬಟ್ಟೆ ತುಂಡಿಗೆ ಎಷ್ಟು ಅವತಾರ?"

"ಚೆನ್ನಾಗಿ ಬಣ್ಣ ಕುಡಿದ್ರೆ ಅವಳು, ಹಠ ಮಾಡಿದ್ರೆ ಅವನು. ನಮ್ಮಲ್ಲಿ ಹಾಗೇ ಕರೆಯೋದು."

"ನಿಮ್ಮ ಮಗನ್ನ ನೋಡಿ ಕಲಿತಿರಬೇಕು. ವರದೀಲಿ ಇಟ್. ಶುರುವಿಂದ ಕೊನೇವರೆಗೂ ಇಟ್. ಮತ್ತೆ, ಡಾರ್ಕರ್ ಅಂದಮೇಲೆ ಯಾವುದಕ್ಕಿಂತ ಅಂತ ಹೇಳ್ಬೇಕು."

"ಅದನ್ನ ನನಗೆ ಹೇಳ್ಕೊಡ್ತೀಯಾ? ಪಕ್ಕದಲ್ಲಿ ನಮೂನೆ ಇಟ್ಕೊಳ್ದೆ ನಾನು ಒಂದಿನಾನೂ ಬಾಯಿ ಬಿಟ್ಟಿಲ್ಲಮ್ಮ."

ಸೋಮವಾರ ಮ್ಯಾನೇಜರು ಟ್ಯೂಬ್‌ಲೈಟಿನ ಕೆಳಗೆ ಎರಡು ನೀಲಿ ತುಂಡು ಇಟ್ಟರು. ಒಂದು ಗಿರಾಕಿಯ ನಮೂನೆ, ಇನ್ನೊಂದು ಹೊಸದಾಗಿ ಬಣ್ಣ ಹಾಕಿದ ಲಾಟಿನದು.

"ಎರಡೂ ಒಂದೇ ಅಂತ ಬಣ್ಣ ಅಳೆಯೋ ಯಂತ್ರ ಹೇಳಿದೆ. ಅಷ್ಟನ್ನೇ ಇಂಗ್ಲಿಷಲ್ಲಿ ಬರೀರಿ, ನೀವು ಪಾಸು."

ಬರೆದುಬಿಟ್ಟರೆ ಕುರ್ಚಿ ಉಳಿಯುತ್ತಿತ್ತು. ಆದರೆ ಅತ್ತೆ ಪೆನ್ನು ಮುಟ್ಟದೆ ಎರಡೂ ತುಂಡು ಎತ್ತಿಕೊಂಡು ಕಿಟಕಿಗೆ ನಡೆದರು. ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಹಿಡಿದು, ಅದಲು ಬದಲು ಮಾಡಿ ನೋಡಿದರು. ಆಮೇಲೆ ಕಿಟಕಿಯ ಕಟ್ಟೆಯ ಮೇಲೇ ಕಾಗದವಿಟ್ಟು, ದಪ್ಪ ಅಕ್ಷರಗಳಲ್ಲಿ, ಎಲ್ಲೂ ತಡವರಿಸದೆ ಬರೆದರು: ಇಟ್ ಈಸ್ ಡಾರ್ಕರ್ ದ್ಯಾನ್ ದ ಸ್ಯಾಂಪಲ್. ಇಟ್ ನೀಡ್ಸ್ ಒನ್ ವಾಶ್.

ಮ್ಯಾನೇಜರ ಹುಬ್ಬು ಮೇಲೇರಿತು. "ಯಂತ್ರಕ್ಕಿಂತ ನಿಮ್ಮ ಕಣ್ಣು ಜೋರೋ?"

"ನೀವೇ ಬಂದು ನೋಡಿ ಸಾರ್. ಜನ ಇದನ್ನ ತೊಟ್ಕೊಂಡು ಓಡಾಡೋದು ಬಿಸಿಲಲ್ಲಿ."

ಅವರು ಬಂದು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಕೂದಲೆಳೆಯಷ್ಟು ಗಾಢ, ಆದರೆ ಗಾಢವೇ. ಫೋನು ಎತ್ತಿ, "ಆ ಲಾಟು ಲಾರಿಗೆ ಏರಿಸ್ಬೇಡಿ," ಎಂದರು. ಆಮೇಲೆ ಕಿಟಕಿ ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ತಮ್ಮ ಫೈಲನ್ನು ಎತ್ತಿಕೊಂಡರು.

ಅತ್ತೆ ಕೂತು ಕೈಚಾಚಿದರು. "ಮುಂದಿನ ತುಂಡು ಕೊಡಿ ಸಾರ್."