ಬೋರ್ಡಿನಲ್ಲಿ ತಂಗಿಯ ಜಾಗ

೧

ಶುರು ಎಲ್ಲಿಂದ ಮಾಡಲಿ? ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಾದರೆ ಈ ತಲೆನೋವಿಲ್ಲ. ಹೊಸ ಫೈಲ್ ತೆರೆದ ಕೂಡಲೇ ಅದೇ ಒಂದು ಬಿಳಿ ಬ್ಯಾಕ್‌ಗ್ರೌಂಡ್ ಹಾಸಿಕೊಡುತ್ತದೆ, ಮೇಲೆ ನಮಗೆ ಬೇಕಾದ್ದನ್ನು ಬರೆದುಕೊಳ್ಳಬಹುದು. ಬರೆದ ಒಂದೊಂದು ಮಾತೂ ಒಂದೊಂದು ಲೇಯರ್, ಅಂದರೆ ಬೇರೆ ಬೇರೆ ಪದರ. ಒಂದನ್ನು ಎಳೆದರೆ ಇನ್ನೊಂದು ಅಲುಗುವುದಿಲ್ಲ. ಸಂಸಾರದಲ್ಲಿ ಹಾಗಲ್ಲ ಎಂದು ನಿಮಗೆ ಗೊತ್ತು. ಕಥೆಯಲ್ಲೂ ಹಾಗಲ್ಲ ಎಂದು ನನಗೆ ಈಗೀಗ ಗೊತ್ತಾಗುತ್ತಿದೆ.

೧ (ಕಾಪಿ)

ಮೇಲಿನದು ಭಾಷಣವಾಯಿತು. ಮತ್ತೆ ಶುರು ಮಾಡುತ್ತೇನೆ.

ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಪುಟ್ಟಿ ಕೂತಿದ್ದಾಳೆ. ಪುಟ್ಟಿ ಎಂದರೆ ಚಿಕ್ಕವಳೇನಲ್ಲ. ಜಾಹೀರಾತು ಕಂಪನಿಯಲ್ಲಿ ಡಿಸೈನರ್, ಅವಳು ಗದರಿದರೆ ಹೆದರುವವರೂ ಅಲ್ಲಿದ್ದಾರೆ. ಮನೆಯವರಿಗೆ ಮಾತ್ರ ಈಗಲೂ ಪುಟ್ಟಿ. ಅಂಗಡಿ ಅವಳ ಅಮ್ಮ ಮತ್ತು ಚಿಕ್ಕಮ್ಮ ಸೇರಿ ನಡೆಸುತ್ತಿದ್ದದ್ದು. ಬೋರ್ಡಿನ ಮೇಲಿನ ಸಾಲಿನಲ್ಲಿ ಎಡಕ್ಕೆ ‘ಅಕ್ಕ’, ಬಲಕ್ಕೆ ‘ತಂಗಿ’, ಕೆಳಗೆ ‘ಟೈಲರ್ಸ್’. ಬಿಸಿಲಿಗೆ ಅದರ ಬಣ್ಣ ಹೋಗಿದೆ. ಹೊಸದು ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು.

"ತಂಗಿ ತೆಗೆದುಬಿಡು," ಎಂದಳು ಹಿಂದೆ ನಿಂತಿದ್ದ ಅಮ್ಮ.

"ಯೋಚನೆ ಮಾಡಿ ಹೇಳಮ್ಮ."

"ಮಾಡೇ ಹೇಳ್ತಿರೋದು. ಮೆಷಿನ್ ಎತ್ಕೊಂಡು ಹೋದೋಳ ಹೆಸರನ್ನ ನಾನ್ಯಾಕೆ ತಲೆ ಮೇಲೆ ಹೊತ್ಕೊಳ್ಳಲಿ?"

೨ [ಈ ಲೇಯರಿನ ಕಣ್ಣು ಮುಚ್ಚಿದೆ]

(ಪ್ರತಿ ಲೇಯರಿನ ಪಕ್ಕ ಒಂದು ಪುಟ್ಟ ಕಣ್ಣಿನ ಚಿತ್ರವಿರುತ್ತದೆ. ಅದನ್ನು ಒತ್ತಿದರೆ ಬರೆದದ್ದು ಮಾಯ. ಅಳಿಸಿಹೋಗುವುದಿಲ್ಲ, ಫೈಲಿನೊಳಗೆ ಸುಮ್ಮನೆ ಕೂತಿರುತ್ತದೆ.)

"ಜಗಳ ಯಾಕಾಯ್ತು ಅನ್ನೋ ಪ್ಯಾರಾ ಎಲ್ಲಿ?" ಪುಟ್ಟಿ ತಲೆಯೆತ್ತಿ ನೇರ ನನ್ನನ್ನೇ ಕೇಳುತ್ತಾಳೆ. ಪಾತ್ರಗಳು ಲೇಖಕನನ್ನು ಹೀಗೆ ವಿಚಾರಿಸಿಕೊಳ್ಳಬಾರದು. ಆದರೆ ಇವಳು ದಿನವಿಡೀ ಕ್ಲೈಂಟುಗಳ ಜೊತೆ ಗುದ್ದಾಡುವವಳು, ನಾನು ಯಾವ ಲೆಕ್ಕ?

"ಮನೆ ವಿಷಯ ಬೀದಿಗೆ ಯಾಕೆ ಅಂತ ಮುಚ್ಚಿಟ್ಟೆ."

"ಡಿಲೀಟ್ ಮಾಡಿಲ್ಲ ತಾನೇ? ಹಾಗಾದ್ರೆ ಕಣ್ಣು ತೆರೆದು ತೋರಿಸಿ. ಓದೋರು ಏನು ಪಾಪ ಮಾಡಿದಾರೆ?"

೨ [ತೆರೆದಿದೆ]

ಗಿರಾಕಿಯೊಬ್ಬ ಹೊಸ ಕೋಟು ಹಾಕಿ ನೋಡಲು ಬಂದಿದ್ದ. ಅಮ್ಮ ಕತ್ತರಿಸಿದ್ದ ಕೋಟು. ಒಂದು ತೋಳು ಎರಡಿಂಚು ಗಿಡ್ಡವಾಗಿತ್ತು. ಚಿಕ್ಕಮ್ಮ ಗಿರಾಕಿಯ ಎದುರಿಗೇ, "ಅಕ್ಕನಿಗೆ ಕಣ್ಣು ಸರಿಯಾಗಿ ಕಾಣಲ್ಲ, ಇನ್ಮೇಲೆ ಕಟಿಂಗ್ ನಾನೇ ಮಾಡ್ತೀನಿ" ಎಂದುಬಿಟ್ಟಳು. ಮಾತು ನಿಜ. ಸುಳ್ಳಾಗಿದ್ದರೆ ಅಮ್ಮ ನಕ್ಕು ಸುಮ್ಮನಾಗುತ್ತಿದ್ದಳು. ಕತ್ತರಿ ಕೆಳಗಿಟ್ಟು, "ಹಾಗಾದ್ರೆ ಅಂಗಡೀನೂ ಬೇರೆ ಇಟ್ಕೋ" ಎಂದಳು. ತಂಗಿಯೂ ಅದೇ ತಾಯಿಯ ಮಗಳು, ಮರುದಿನವೇ ತನ್ನ ಮೆಷಿನ್ನನ್ನು ಮನೆಗೆ ಸಾಗಿಸಿದಳು. ಮನೆ ಎಲ್ಲೋ ದೂರದಲ್ಲಿಲ್ಲ, ಇದೇ ಬೀದಿಯ ತುದಿ.

ಪುಟ್ಟಿಯ ಮೊದಲ ಸ್ಕೂಲ್ ಬ್ಯಾಗು ಹೊಲಿದುಕೊಟ್ಟವಳು ಆ ಚಿಕ್ಕಮ್ಮ. ಅವಳ ಲೇಯರನ್ನು ಡಿಲೀಟ್ ಮಾಡಲು ಪುಟ್ಟಿಗೆ ಮನಸ್ಸು ಬರಲಿಲ್ಲ.

೩

ಹಾಗಾಗಿ ಅವಳು ಆ ಲೇಯರಿನ ಕಣ್ಣನ್ನಷ್ಟೇ ಮುಚ್ಚಿದಳು. ಬೋರ್ಡಿನಿಂದ ತಂಗಿ ಮಾಯವಾದಳು.

"ಹೋಯ್ತಾ?"

"ಹೋಯ್ತು."

ಅಮ್ಮ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಪರದೆಗೆ ಮುಖ ತಾಗುವಷ್ಟು ಬಗ್ಗಿದಳು. "ಮತ್ತೆ ಅಲ್ಲಿ ಪಕ್ಕದ ಪಟ್ಟಿಯಲ್ಲಿ ತಂಗಿ ಅಂತ ಇನ್ನೂ ಇದೆಯಲ್ಲ?"

ಎರಡಿಂಚು ಗಿಡ್ಡ ತೋಳು ಕಾಣದ ಕಣ್ಣಿಗೆ ಇರುವೆಯಷ್ಟು ಅಕ್ಷರ ಕಂಡಿತ್ತು. ಸಿಕ್ಕಿಬಿದ್ದ ಪುಟ್ಟಿ ಲೇಯರು, ಕಣ್ಣು ಎಂದು ಎಲ್ಲ ವಿವರಿಸಿದಳು. ಅಮ್ಮ ಕೇಳಿಸಿಕೊಂಡು, "ಅಂದ್ರೆ ಕತ್ತರಿಸಿಲ್ಲ. ಒಳಗೆ ಬಟ್ಟೆ ಬಿಟ್ಟಿದೀಯ" ಎಂದಳು.

(ಬೆಳೆಯುವ ಮಕ್ಕಳ ಬಟ್ಟೆ ಹೊಲಿಯುವಾಗ ಟೈಲರುಗಳು ಹೊಲಿಗೆಯ ಒಳಗಡೆ ಸ್ವಲ್ಪ ಬಟ್ಟೆ ಮಡಚಿ ಬಿಟ್ಟಿರುತ್ತಾರೆ. ಮುಂದೆ ಬೇಕಾದರೆ ಬಿಚ್ಚಿ ಸಡಿಲ ಮಾಡಬಹುದು.)

"ಬೇಕಾದ್ರೆ ಕತ್ತರಿಸ್ತೀನಿ."

"ಕೇಳಿದ್ನಾ ನಾನು?"

೪ ಮುಕ್ತಾಯದ ಡ್ರಾಫ್ಟುಗಳು

ಡ್ರಾಫ್ಟ್ ಒಂದು. ಪ್ರಿಂಟ್ ಅಂಗಡಿಯವನು ಫೈಲ್ ತೆರೆದಾಗ ಕೈತಪ್ಪಿ ಆ ಕಣ್ಣನ್ನು ತೆರೆಯುತ್ತಾನೆ. ಬೋರ್ಡು ‘ತಂಗಿ’ಯ ಸಮೇತ ಬರುತ್ತದೆ, ಎಲ್ಲರೂ ನಗುತ್ತಾರೆ. ಬಹಳ ಚೆನ್ನಾಗಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಪುಟ್ಟಿ ಅಡ್ಡ ಬಂದಳು. "ಲೇಯರ್ ಬಿಚ್ಚಿಟ್ಟ ಫೈಲನ್ನ ನಾನು ಯಾವತ್ತೂ ಪ್ರಿಂಟಿಗೆ ಕಳಿಸಲ್ಲ. ಎಲ್ಲ ಒಂದು ಮಾಡೇ ಕಳಿಸೋದು, ಆಮೇಲೆ ತೆರೆಯೋಕೆ ಕಣ್ಣೇ ಇರಲ್ಲ. ನಿಮ್ಮ ಕಥೆಗೋಸ್ಕರ ನನ್ನ ಕೆಲಸಕ್ಕೆ ಕೆಟ್ಟ ಹೆಸರು ತರಬೇಡಿ."

ಡ್ರಾಫ್ಟ್ ಎರಡು. ಅಮ್ಮ ಖಾಲಿ ಜಾಗ ನೋಡಿ ಗಳಗಳನೆ ಅಳುತ್ತಾಳೆ.

"ಯಾರು, ನಾನಾ?" ಎಂದಳು ಅಮ್ಮ. "ಅಳೋದಿದ್ರೆ ನೀವೇ ಅತ್ಕೊಳ್ಳಿ."

ಎರಡೂ ಡ್ರಾಫ್ಟುಗಳನ್ನು ಕೈಬಿಟ್ಟೆ.

೫

"ಈಗ ಅಕ್ಕ ಒಂದು ಕಡೆ ವಾಲಿದ ಹಾಗಿದೆ. ಸೆಂಟರ್ ಮಾಡ್ತೀನಿ," ಎಂದು ಪುಟ್ಟಿ ಆ ಪದವನ್ನು ನಡುಮಧ್ಯಕ್ಕೆ ಎಳೆದಳು. ಈಗ ನೋಡಲು ಅಚ್ಚುಕಟ್ಟಾಗಿತ್ತು. ಆಫೀಸಿನಲ್ಲಾದರೆ ಭೇಷ್ ಅನ್ನುತ್ತಿದ್ದರು.

ಅಮ್ಮ ಮತ್ತೆ ಪರದೆಯತ್ತ ಬಗ್ಗಿದಳು. "ಇದು ಯಾರ ಅಂಗಡಿ?"

"ನಿನ್ನದೇ."

"ನಂದು ಅನ್ಸಲ್ಲ. ಮೊದಲು ಎಲ್ಲಿತ್ತೋ ಅಲ್ಲಿಗೇ ಎಳೆ."

"ಬಲಗಡೆ ಬೋಳು ಬೋಳಾಗಿ ಕಾಣುತ್ತಮ್ಮ. ಏನೋ ತಪ್ಪಾಗಿದೆ ಅಂದ್ಕೋತಾರೆ ಜನ."

"ಅಂದ್ಕೊಳ್ಳಲಿ. ಆಗಿರೋದೂ ತಪ್ಪೇ."

(ಈ ಸಾಲು ನಾನು ಬರೆದದ್ದಲ್ಲ. ಅವಳೇ ಹೇಳಿದಳು. ತಪ್ಪು ಯಾರದು ಎಂದು ಕೇಳಬೇಡಿ, ಅದನ್ನು ಯಾರ ಹೆಸರಿಗೂ ಅವಳು ಬರೆಯಲಿಲ್ಲ.)

ಪುಟ್ಟಿ ತನ್ನ ಕಸುಬಿನಲ್ಲೇ ಇಷ್ಟು ಸೊಟ್ಟ ಡಿಸೈನನ್ನು ಯಾರಿಗೂ ಕಳಿಸಿರಲಿಲ್ಲ. ‘ಅಕ್ಕ’ನನ್ನು ಎಡಕ್ಕೆ ಎಳೆದು, ಅದನ್ನೇ ಕಳಿಸಿದಳು.

೬

ಬೋರ್ಡು ಏರಿತು. ಅಂಗಡಿಗೆ ಬಂದವರೆಲ್ಲ, ಇನ್ನೊಂದು ಹೆಸರು ಬಿಟ್ಟುಹೋಯಿತಾ ಎಂದು ಕೇಳಿದ್ದೇ ಕೇಳಿದ್ದು. ಅಮ್ಮ ಟೇಪು ಹಿಡಿದು ಅವರ ಭುಜದ ಅಳತೆ ತೆಗೆದುಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಚಿಕ್ಕಮ್ಮ ಗುಂಡಿ ತರಲು ಹೊರಟವಳು ಅಂಗಡಿಯ ಮುಂದೆ ನಿಂತುಬಿಟ್ಟಳು. ಗುಂಡಿ ಅಂಗಡಿ ಆ ಕಡೆಗೆ, ಇವಳು ಬಂದದ್ದು ಈ ಕಡೆಗೆ. ಕೊರಳಲ್ಲಿ ಟೇಪು ಇತ್ತು. ತಲೆ ಎತ್ತಿ ಬೋರ್ಡು ನೋಡಿದಳು. ಟೇಪನ್ನು ಗಾಳಿಯಲ್ಲೇ ಹಿಡಿದು, ಒಂದು ಕಣ್ಣು ಮುಚ್ಚಿ, ಅಕ್ಕನ ಪಕ್ಕದ ಖಾಲಿ ಜಾಗವನ್ನು ಅಳೆದಳು.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಕ್ಕ, ಈ ಜಾಗದಲ್ಲಿ ನಾನು ಹಿಡಿಸಲ್ಲ," ಎಂದಳು ಚಿಕ್ಕಮ್ಮ. "ಎರಡಿಂಚು ಕಮ್ಮಿ ಇದೆ."

ಒಂದು ಕೂದಲೆಳೆಯಷ್ಟೂ ಕಮ್ಮಿ ಇಲ್ಲ ಎಂದು ಹೇಳಲು ಒಳಗಿದ್ದ ಪುಟ್ಟಿ ಬಾಯಿ ತೆರೆದಳು. ನಾನು ಅವಳ ಬಾಯಿ ಮುಚ್ಚಿದೆ. ಇಡೀ ಕಥೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ.

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ನನಗೆಲ್ಲಿ ಕಣ್ಣು ಸರಿಯಾಗಿ ಕಾಣುತ್ತೆ? ನೀನೇ ಮೆಟ್ಟಿಲು ಹತ್ತಿ ಬಂದು ಅಳೆದು ನೋಡು."

೭ [ಈ ಲೇಯರಿನ ಕಣ್ಣು ಮುಚ್ಚಿದೆ]

ಚಿಕ್ಕಮ್ಮ ಮೆಟ್ಟಿಲು ಹತ್ತಿದಳೇ, ಗುಂಡಿ ತರಲು ಹೋದಳೇ? ಬರೆದಿದ್ದೇನೆ. ತೋರಿಸುವುದಿಲ್ಲ. "ಬರ್ತೀನೋ ಬಿಡ್ತೀನೋ ಅದು ನನಗೂ ಅಕ್ಕನಿಗೂ ಬಿಟ್ಟದ್ದು, ನಿಮಗೇನು ಅವಸರ?" ಎಂದು ಅವಳು ನನ್ನನ್ನೂ ದಬಾಯಿಸಿದ್ದಾಳೆ.

ಆದರೆ ಅಳಿಸಿಲ್ಲ, ನಂಬಿ. ಒಳಗೆ ಬಟ್ಟೆ ಬಿಟ್ಟಿದ್ದೇನೆ.